ಅಧಿಕಾರಾರ್ಥಿಯೂ ಸಭೆಯ ಪ್ರಶ್ನೆಯೂ

ಕುಮಟಾ ತಾಲೂಕಿನ ಮಿರ್ಜಾನದಲ್ಲಿ, ಅಘನಾಶಿನಿ ನದಿಗೆ ಅನತಿದೂರದಲ್ಲಿ, ಕೆಂಪು ಜಂಬಿಟ್ಟಿಗೆಯ ಕೋಟೆಯೊಂದಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಡನೆ ಜನರ ನೆನಪಿನಲ್ಲಿ ಬೆಸೆದುಕೊಂಡಿದೆ. ಕಾಳುಮೆಣಸಿನ ವ್ಯಾಪಾರದಿಂದ ಪ್ರಬಲಳಾದ ಆಕೆಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಆಕೆಯ ತರುವಾಯ ಈ ಕರಾವಳಿಯು ಬಿಜಾಪುರದವರು, ಕೆಳದಿಯವರು, ಹೈದರ್ ಮತ್ತು ಟಿಪ್ಪು ಇವರ ಕೈಗಳನ್ನು ದಾಟಿ ೧೭೯೯ರಲ್ಲಿ ಇಂಗ್ಲಿಷ್ ಕಂಪನಿಯ ವಶವಾಯಿತು. ಮೊದಲು ಮದ್ರಾಸ್ ಆಧಿಪತ್ಯದಲ್ಲಿದ್ದುದು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು; ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯದ ಅಂಗವಾಯಿತು. ಇಷ್ಟು ಕೈ ಬದಲಾದರೂ, ಆಳಲು ಬಂದವನನ್ನು ಮಿರ್ಜಾನದ ಒಕ್ಕಲು ಮಗನಾಗಲಿ ಅಂಬಿಗನಾಗಲಿ ತಡೆದು, ನೀನು ಯಾರು, ಯಾತಕ್ಕೆ ಬಂದೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ೧೯೫೨ರ ಮೊದಲ ಮಹಾಚುನಾವಣೆಯಿಂದ ಈಚೆಗೆ ಮಾತ್ರ ಅಧಿಕಾರವನ್ನು ಬಯಸುವವನು ಅವರ ಬಾಗಿಲಿಗೆ ತಾನಾಗಿ ಬರುತ್ತಿದ್ದಾನೆ. ಬಂದವನು ತಾನೇ ಮಾತನಾಡಿ ಹೋಗುತ್ತಾನೆ. ಅವನನ್ನು ನಿಲ್ಲಿಸಿ ಹತ್ತು ಜನರ ಸಮಕ್ಷಮದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಅವಕಾಶವು ಮತದಾರನಿಗೆ ಇರಬೇಕೆ, ಮತ್ತು ಅದು ಅಭ್ಯರ್ಥಿಗೆ ಕಡ್ಡಾಯವಾಗಬೇಕೆ ಎಂಬುದು ವಿಚಾರಕ್ಕೆ ಯೋಗ್ಯವಾದ ಸಂಗತಿ. ಇದು ಇಂದಿನ ಪ್ರಶ್ನೆಯಂತೆ ತೋರಿದರೂ ಬಹಳ ಹಳೆಯದು.

ಕೆಳದಿಯ ಅರಸರ ವಿಷಯವನ್ನು ಇಲ್ಲಿ ಒಂದು ಮಾತಿನಲ್ಲಾದರೂ ಹೇಳಬೇಕು. ಮಠಗಳಿಗೆ ಭೂಮಿಯನ್ನು ಬಿಟ್ಟುಕೊಟ್ಟ, ಜಂಗಮರನ್ನು ಆದರಿಸಿದ ಆ ವೀರಶೈವ ರಾಜವಂಶದ ಬಗ್ಗೆ ಅಭಿಮಾನ ಸಹಜವೇ. ಆ ವಂಶದ ಬಸವಪ್ಪ ನಾಯಕನು ರಚಿಸಿದ ‘ಶಿವತತ್ತ್ವರತ್ನಾಕರ’ವು ರಾಜಧರ್ಮವನ್ನೂ ಸೇರಿಸಿಕೊಂಡ ಸಂಸ್ಕೃತದ ಬೃಹತ್ಕೋಶ. ಆದರೆ ಆಳುವವನಿಗೆ ಧರ್ಮವನ್ನು ಬೋಧಿಸುವುದು ಬೇರೆ, ಆಳಿಸಿಕೊಳ್ಳುವವನು ಪ್ರಶ್ನಿಸುವುದು ಬೇರೆ. ಮೊದಲನೆಯದನ್ನು ಗ್ರಂಥಗಳು ಮಾಡಿದವು. ಎರಡನೆಯದು ಜನರ ತಾಳ್ಮೆ ಮುಗಿದಾಗ ಮಾತ್ರ ನಡೆಯಿತು. ಕೆಳದಿಯವರ ಹಳೆಯ ಸೀಮೆಯಾದ ನಗರದಲ್ಲಿ ೧೮೩೦ರಲ್ಲಿ ರೈತರು ಕೂಟ ಸೇರಿ ಕಂದಾಯದ ಅನ್ಯಾಯವನ್ನು ಎತ್ತಿದುದು, ಅದರ ಪರಿಣಾಮವಾಗಿ ೧೮೩೧ರಲ್ಲಿ ಮೈಸೂರಿನ ಆಡಳಿತವೇ ಅರಸರ ಕೈತಪ್ಪಿದುದು ಇತಿಹಾಸಕ್ಕೆ ತಿಳಿದ ವಿಷಯ. ಪ್ರಶ್ನೆಗೆ ಸ್ಥಾನವಿಲ್ಲದಲ್ಲಿ ಅದು ದಂಗೆಯ ರೂಪವನ್ನು ತಾಳುತ್ತದೆ.

ಅಧಿಕಾರಕ್ಕೆ ಬರುವವನನ್ನು ಮೊದಲೇ ಪ್ರಶ್ನಿಸಬೇಕೆಂಬ ನಿಯಮವನ್ನು ಶಾಸನಬದ್ಧವಾಗಿ ನಡೆಸಿದವರು ಪ್ರಾಚೀನ ಅಥೆನ್ಸಿನ ಜನ. ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನವೆಂಬ ಗ್ರಂಥ ಬಹುಕಾಲ ಕಳೆದುಹೋಗಿದ್ದು, ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ದೊರೆತು ೧೮೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ‘ದೊಕಿಮಾಸಿಯಾ’ ಎಂಬ ಪರೀಕ್ಷೆಯ ವಿವರವಿದೆ. ಆರ್ಕನ್ ಎಂಬ ಅಧಿಕಾರಿಗಳಾಗಿ ಆಯ್ಕೆಯಾದವರು ಐನೂರು ಜನರ ಮಂಡಲಿಯ ಮುಂದೆ, ಅನಂತರ ನ್ಯಾಯಸಭೆಯ ಮುಂದೆ ನಿಲ್ಲಬೇಕಾಗಿತ್ತು. ನಿನ್ನ ತಂದೆ ಯಾರು, ತಾಯಿ ಯಾರು, ಯಾವ ಊರಿನವರು. ನಿನ್ನ ಮನೆದೇವರ ಗುಡಿ ಎಲ್ಲಿದೆ, ಹಿರಿಯರ ಸಮಾಧಿ ಎಲ್ಲಿದೆ. ತಂದೆತಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಸಲ್ಲಿಸಿದ್ದೀಯಾ, ದಂಡಿನಲ್ಲಿ ಸೇವೆ ಮಾಡಿದ್ದೀಯಾ ಎಂದು ಕೇಳಿ, ಸಾಕ್ಷಿಗಳನ್ನು ಕರೆಸುತ್ತಿದ್ದರು. ಆಮೇಲೆ, ಇವನ ಮೇಲೆ ದೂರು ಹೇಳುವವರಿದ್ದಾರೆಯೇ ಎಂದು ಸಭೆಯನ್ನು ಕೇಳುತ್ತಿದ್ದರು. ದೂರು ಬಾರದಿದ್ದರೆ ಹಿಂದಿನ ಕಾಲದಲ್ಲಿ ಒಬ್ಬನೇ ಮತ ಹಾಕಿ ಮುಗಿಸುತ್ತಿದ್ದನಂತೆ. ಅನಂತರ ಎಲ್ಲರೂ ಮತ ಹಾಕಬೇಕೆಂದು ನಿಯಮ ಮಾಡಿದರು. ಅದಕ್ಕೆ ಆ ಗ್ರಂಥ ಕೊಡುವ ಕಾರಣ ಸ್ವಾರಸ್ಯವಾಗಿದೆ: ದುಷ್ಟನೊಬ್ಬನು ದೂರುಗಾರರ ಬಾಯಿಯನ್ನು ಮೊದಲೇ ಮುಚ್ಚಿಸಿ ಬಂದಿದ್ದರೂ ಸಭೆಯು ಅವನನ್ನು ತಿರಸ್ಕರಿಸಲು ಸಾಧ್ಯವಾಗಬೇಕು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಈ ಉಪಾಯ ಜನರಿಗೆ ತಿಳಿದಿತ್ತೆಂದರೆ, ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ ಎನ್ನಬೇಕು. ಗುಲಾಮರಿಗೂ ಸ್ತ್ರೀಯರಿಗೂ ಆ ಸಭೆಯಲ್ಲಿ ಸ್ಥಾನವಿರಲಿಲ್ಲವೆಂಬುದನ್ನು ಮಾತ್ರ ಮರೆಯಲಾಗದು.

ದಕ್ಷಿಣ ಭಾರತದ ಉದಾಹರಣೆಯಾಗಿ ತಮಿಳುನಾಡಿನ ಉತ್ತರಮೇರೂರಿನ ಶಾಸನಗಳನ್ನು ಎಲ್ಲರೂ ಹೆಸರಿಸುತ್ತಾರೆ. ಚೋಳ ಒಂದನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಆ ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಹೇಳುತ್ತವೆ. ಮೂವತ್ತೈದರಿಂದ ಎಪ್ಪತ್ತು ವರ್ಷದೊಳಗಿನವನಾಗಿರಬೇಕು, ತೆರಿಗೆ ಸಲ್ಲುವ ಭೂಮಿ ಇರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲದೆ ಅವನ ಬಂಧುಗಳೂ ಅನರ್ಹರು. ಆದರೆ ಇದು ಅರ್ಹತೆಯ ಪಟ್ಟಿಯೇ ಹೊರತು ಪ್ರಶ್ನೋತ್ತರವಲ್ಲ. ಓಲೆಯ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಬಾಲಕನೊಬ್ಬನಿಂದ ಎತ್ತಿಸುತ್ತಿದ್ದರು. ಅದೂ ಬ್ರಾಹ್ಮಣ ಅಗ್ರಹಾರದ ಸಭೆ.

ಹುಟ್ಟನ್ನು ಬದಿಗಿರಿಸಿ, ಪ್ರಶ್ನೆಯನ್ನೇ ಪ್ರವೇಶದ್ವಾರವನ್ನಾಗಿ ಮಾಡಿದ ಕಲ್ಪನೆ ಶರಣರ ಸಾಹಿತ್ಯದಲ್ಲಿ ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲ್ಯಾಣದ ಅನುಭವಮಂಟಪವನ್ನು ಜಗತ್ತಿನ ಮೊದಲ ಪಾರ್ಲಿಮೆಂಟ್ ಎಂದು ಸಾರುವ ಭಾಷಣಗಳು ಈಚೆಗೆ ಹೆಚ್ಚಾಗಿವೆ. ಅಲ್ಲಿ ಮತದಾನ ನಡೆಯಲಿಲ್ಲ, ಕಾಯಿದೆಗಳಾಗಲಿಲ್ಲ, ಯಾರೂ ಯಾರ ಪ್ರತಿನಿಧಿಯೂ ಆಗಿರಲಿಲ್ಲ. ಅಲ್ಲಿಯ ಸಂವಾದಗಳನ್ನು ನಮಗೆ ಕಟ್ಟಿಕೊಟ್ಟ ‘ಶೂನ್ಯಸಂಪಾದನೆ’ಯು ಹನ್ನೆರಡನೆಯ ಶತಮಾನದ ನಡಾವಳಿ ಪುಸ್ತಕವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದುದು ಅದರ ಮೊದಲ ಪಾಠ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಆದಕಾರಣ ಅದು ನಡೆದುದರ ವರದಿ ಎನ್ನುವುದಕ್ಕಿಂತ, ಶರಣರ ಗೋಷ್ಠಿ ಹೇಗಿದ್ದಿರಬೇಕೆಂದು ಅವರ ಉತ್ತರಾಧಿಕಾರಿಗಳು ಮೂರು ಶತಮಾನಗಳ ಮೇಲೆ ಕಂಡ ಚಿತ್ರ ಎನ್ನುವುದು ಸತ್ಯಕ್ಕೆ ಹತ್ತಿರ. ಇದರಿಂದ ಗ್ರಂಥದ ಬೆಲೆ ಕಡಿಮೆಯಾಗುವುದಿಲ್ಲ. ಪ್ರಶ್ನೆ ಹೇಗಿರಬೇಕು, ಯಾರು ಕೇಳಬೇಕು, ಉತ್ತರವನ್ನು ಯಾರು ತೂಗಬೇಕು ಎಂಬುದನ್ನು ಕನ್ನಡದಲ್ಲಿ ಇಷ್ಟು ಆಳವಾಗಿ ವಿಚಾರಿಸಿದ ಇನ್ನೊಂದು ಕೃತಿಯನ್ನು ಕಾಣುವುದು ಕಷ್ಟ.

ಸಿದ್ಧರಾಮನ ಪ್ರಸಂಗವನ್ನು ನೋಡಬಹುದು. ಸೊನ್ನಲಿಗೆಯಲ್ಲಿ ಆತನು ಕೆರೆ ತೋಡಿಸಿದನು, ದೇಗುಲ ಕಟ್ಟಿಸಿದನು, ಅನ್ನಛತ್ರ ನಡೆಸಿದನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಮಾಡಿದ ಕಾಮಗಾರಿಗಳ ಪಟ್ಟಿ ಅವನಷ್ಟು ಉದ್ದವಾಗಿದ್ದವರು ಆ ಕಾಲದಲ್ಲಿ ವಿರಳ. ಅಲ್ಲಮಪ್ರಭು ಅಲ್ಲಿಗೆ ಬಂದವನೇ ಕೆರೆ ಅಗೆಯುವವರ ಮುಂದೆ ನಿಂತು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಕೆಲಸಗಾರರು ಕೆರಳಿ ಕಲ್ಲು ಬೀರುತ್ತಾರೆ. ನಾಯಕನನ್ನು ಪ್ರಶ್ನಿಸಿದವನ ಮೇಲೆ ಅನುಯಾಯಿಗಳು ಕಲ್ಲೆಸೆಯುವ ದೃಶ್ಯ ಈ ಹೊತ್ತಿನ ವಾಚಕರಿಗೆ ಅಪರಿಚಿತವೇನಲ್ಲ. ವಿಶೇಷವಿರುವುದು ಮುಂದೆ. ಅನುಯಾಯಿಗಳ ಕೋಪದ ಮರೆಯಲ್ಲಿ ಸಿದ್ಧರಾಮನು ಅಡಗಿಕೊಳ್ಳುವುದಿಲ್ಲ. ಕೊನೆಗೆ ತಾನೇ ಪ್ರಶ್ನೆಗೆ ಮುಖಾಮುಖಿಯಾಗುತ್ತಾನೆ. ಅಲ್ಲಮನು ಕೆರೆಯಲ್ಲಿ ನೀರಿದೆಯೇ, ಏರಿ ಗಟ್ಟಿಯಾಗಿದೆಯೇ ಎಂದು ಕೇಳಲಿಲ್ಲ. ಕಟ್ಟಿಸಿದೆನೆಂಬ ‘ನಾನು’ ಯಾರು ಎಂದು ಕೇಳಿದನು. ಸೇವೆಯ ಪಟ್ಟಿಯನ್ನು ಹಿಡಿದು ಬಂದವನಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇಲ್ಲ.

ಆಯ್ದಕ್ಕಿ ಮಾರಯ್ಯನ ಪ್ರಸಂಗದಲ್ಲಿ ಪ್ರಶ್ನೆ ಕೇಳುವವಳು ಅವನ ಹೆಂಡತಿ ಲಕ್ಕಮ್ಮ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಮನೆ ಅದು. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಈ ಹೆಚ್ಚಿನದು ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂದು ಲಕ್ಕಮ್ಮ ನಿಲ್ಲಿಸಿ ಕೇಳುತ್ತಾಳೆ. ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಮಾಡುತ್ತಾಳೆ. ಅವಳಿಗೆ ಪದವಿಯಿಲ್ಲ, ಸಿಂಹಾಸನವಿಲ್ಲ. ಅದೇ ಕಾಯಕದಲ್ಲಿ ಅವಳೂ ಪಾಲುಗಾರಳು ಎಂಬುದೇ ಅವಳ ಅಧಿಕಾರ. ಬಸವಣ್ಣನವರ ವಿಷಯದಲ್ಲೂ ಇಂಥ ಕಥೆಯೊಂದನ್ನು ಪುರಾಣಗಳು ಹೇಳುತ್ತವೆ. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂಬ ದೂರು ಬಿಜ್ಜಳನಿಗೆ ಹೋದಾಗ, ಬಸವಣ್ಣನವರು ದೂರುಗಾರರ ಮೇಲೆ ಸಿಡಿಯದೆ ಭಂಡಾರವನ್ನು ತೆರೆಸಿ ಎಣಿಸಲು ಬಿಟ್ಟರು. ಲೆಕ್ಕ ಸರಿಯಾಗಿಯೇ ಇದ್ದಿತು. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ. ಎಣಿಸಲು ಬಿಟ್ಟುದನ್ನೇ ಪವಾಡವೆಂದು ತಿಳಿದರೂ ಬಾಧಕವಿಲ್ಲ.

ಇವೆಲ್ಲಕ್ಕಿಂತ ತೊಡಕಿನದು ಅಕ್ಕಮಹಾದೇವಿಯ ಪ್ರಸಂಗ. ಅದನ್ನು ಬಿಟ್ಟು ಈ ವಿಷಯವನ್ನು ಚರ್ಚಿಸುವುದು ಪ್ರಾಮಾಣಿಕವಾಗದು. ಕಲ್ಯಾಣಕ್ಕೆ ಬಂದ ಅಕ್ಕನನ್ನು ತುಂಬಿದ ಸಭೆಯಲ್ಲಿ ಅಲ್ಲಮನು ಪ್ರಶ್ನಿಸುತ್ತಾನೆ. ನಿನ್ನ ಪತಿ ಯಾರು ಎಂದು ಕೇಳುತ್ತಾನೆ. ಸೀರೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದೆ ಎಂದು ಕೇಳುತ್ತಾನೆ. ಅಕ್ಕನ ಉತ್ತರಗಳು ಪ್ರಶ್ನೆಗಳನ್ನು ಮೀರಿ ನಿಲ್ಲುತ್ತವೆ, ಸಭೆ ಆಕೆಗೆ ಶರಣೆನ್ನುತ್ತದೆ. ಪರಂಪರೆಯ ವ್ಯಾಖ್ಯಾನಕಾರರು ಇದನ್ನು, ಅಕ್ಕನ ನಿಲವು ಲೋಕಕ್ಕೆ ತಿಳಿಯಲೆಂದು ಪ್ರಭು ಆಡಿದ ಲೀಲೆಯೆಂದು ವಿವರಿಸುತ್ತಾರೆ. ಅನುಭಾವದ ನೆಲೆಯಲ್ಲಿ ಆ ವಿವರಣೆ ಒಪ್ಪತಕ್ಕದ್ದೇ. ಆದರೆ ಆ ಪ್ರಶ್ನೆಗಳನ್ನು ಲೌಕಿಕದ ಸಭೆಯೊಂದು ಎರವಲು ಪಡೆದರೆ ಏನಾದೀತು? ಕೇಳುವವನು ಅಲ್ಲಮನಾಗಿರುವುದಿಲ್ಲ, ಉತ್ತರಿಸುವವಳು ಅಕ್ಕನೇ ಆಗಿರಬೇಕೆಂದು ನಿರೀಕ್ಷಿಸುವುದೂ ತಪ್ಪು. ಕರ್ನಾಟಕದ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ೧೯೮೩ರ ಕಾಯಿದೆಯು ನಾಲ್ಕನೆಯ ಒಂದು ಭಾಗವನ್ನು, ೧೯೯೩ರ ಕಾಯಿದೆಯು ಮೂರನೆಯ ಒಂದು ಭಾಗವನ್ನು ಮೀಸಲಿಟ್ಟಿತು. ಅನಂತರ ಅದು ಅರ್ಧಕ್ಕೇರಿತು. ಆ ಸ್ಥಾನಗಳಿಗೆ ನಿಲ್ಲುವ ಹೆಣ್ಣುಮಗಳನ್ನು ಊರ ಚಾವಡಿಯಲ್ಲಿ ನಿಲ್ಲಿಸಿ, ಗಂಡನನ್ನು ಕೇಳಿ ಬಂದೆಯಾ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುವವರಿಗೇನೂ ಕೊರತೆಯಾಗದು. ಬಹಿರಂಗ ಪ್ರಶ್ನೆಯನ್ನು ಬೇಡುವವರು ಮೊದಲು ಪ್ರಶ್ನೆಯ ಎಲ್ಲೆಯನ್ನು ಹೇಳಬೇಕು. ಬಯಸಿದ ಪದವಿಗೆ ಸಂಬಂಧಿಸಿದುದು, ಹಿಂದೆ ಮಾಡಿದ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದುದು, ಕೈಯಲ್ಲಿದ್ದ ಸಾರ್ವಜನಿಕ ಹಣಕ್ಕೆ ಸಂಬಂಧಿಸಿದುದು ಸಭೆಯ ಪ್ರಶ್ನೆ. ಉಳಿದುದು ಸಭೆಗೆ ಬೇಡ. ಅಥೆನ್ಸಿನವರು ತಾಯಿತಂದೆಯರ ಊರನ್ನು ಕೇಳಿದುದಕ್ಕಿಂತ ಲಕ್ಕಮ್ಮನ ಪ್ರಶ್ನೆ ಈ ದೃಷ್ಟಿಯಿಂದ ಮೇಲಾದುದು. ಅವಳು ಕುಲವನ್ನು ಕೇಳಲಿಲ್ಲ, ಅಕ್ಕಿಯನ್ನು ಕೇಳಿದಳು.

ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಅಭ್ಯರ್ಥಿಗಳ ಹೆಸರನ್ನು ಬಯಲಿನಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ಎಲ್ಲರೆದುರು ಸೂಚಿಸುತ್ತಿದ್ದರು. ನೆರೆದ ಜನ, ಮತವಿದ್ದವರೂ ಇಲ್ಲದವರೂ, ಕೂಗಿ ಪ್ರಶ್ನೆ ಕೇಳುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಹೀಗೆ ಅಭ್ಯರ್ಥಿಯನ್ನು ಪ್ರಶ್ನೆಗಳಿಂದ ಕಾಡುವುದಕ್ಕೆ, ಅಗಸೆನಾರನ್ನು ಮುಳ್ಳುಹಣಿಗೆಯಿಂದ ಹಿಂಜುವ ಕಸುಬಿನ ಹೆಸರನ್ನೇ ಇಟ್ಟರು. ಡಂಡೀ ಪಟ್ಟಣದ ನಾರು ಹಿಂಜುವವರು ಇದಕ್ಕೆ ಪ್ರಸಿದ್ಧರಾಗಿದ್ದರು. ಕಸುಬಿನ ಮಾತು ವಿಚಾರದ ಮಾತಾಗುವ ಈ ಬಗೆಯನ್ನು ವಚನಗಳ ಅಭ್ಯಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಅಟ್ಟಣಿಗೆಯ ಸುತ್ತ ಕುಡಿತ, ಹೊಡೆದಾಟ, ಕೊಳೆತ ತರಕಾರಿಯ ಎಸೆತಗಳೂ ಇದ್ದವು. ೧೮೭೨ರ ಗುಪ್ತಮತದಾನ ಕಾಯಿದೆ ಬಹಿರಂಗ ನಾಮಕರಣವನ್ನು ತೆಗೆದುಹಾಕಿತು. ಗುಪ್ತ ಮತ ಬಂದುದು ಮಹೋಪಕಾರ. ಜೊತೆಗೆ ಬಹಿರಂಗ ಪ್ರಶ್ನೆಗಿದ್ದ ನಿಯತ ಸ್ಥಾನವೂ ಹೋಯಿತು. ಮತ ಗುಪ್ತವಾಗಿರಬೇಕೆಂದ ಮಾತ್ರಕ್ಕೆ ಅಭ್ಯರ್ಥಿಯೂ ಗುಪ್ತವಾಗಿರಬೇಕೆಂದಿಲ್ಲ.

ಭಾರತಕ್ಕೆ ಬಂದುದು ೧೮೭೨ರ ತರುವಾಯದ ಈ ಕಚೇರಿಯ ಪದ್ಧತಿ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೩೬ನೆಯ ಕಲಮು ನಾಮಪತ್ರಗಳ ಪರಿಶೀಲನೆಯನ್ನು ವಿಧಿಸುತ್ತದೆ. ಆ ಪರಿಶೀಲನೆಗೆ ಅಭ್ಯರ್ಥಿ, ಅವನ ಚುನಾವಣಾ ಏಜೆಂಟ, ಒಬ್ಬ ಸೂಚಕ, ಅಭ್ಯರ್ಥಿಯು ಬರವಣಿಗೆಯಲ್ಲಿ ಅಧಿಕಾರ ಕೊಟ್ಟ ಮತ್ತೊಬ್ಬ, ಇಷ್ಟೇ ಜನ ಹೋಗಬಹುದು. ಬೇರೆ ಯಾರೂ ಹೋಗುವಂತಿಲ್ಲವೆಂದು ಕಾಯಿದೆಯೇ ಸ್ಪಷ್ಟವಾಗಿ ಹೇಳುತ್ತದೆ. ಅಭ್ಯರ್ಥಿಯ ಅರ್ಹತೆಯನ್ನು ಪರೀಕ್ಷಿಸುವ ಏಕೈಕ ಸಭೆಯಲ್ಲಿ ಮತದಾರನಿಗೆ ಬಾಗಿಲು ಮುಚ್ಚಿದೆ ಎಂದಾಯಿತು. ೧೨೭ನೆಯ ಕಲಮು ಚುನಾವಣಾ ಸಭೆಯಲ್ಲಿ ಗದ್ದಲವೆಬ್ಬಿಸುವುದನ್ನು ಅಪರಾಧವೆನ್ನುತ್ತದೆ. ಅದು ನ್ಯಾಯವೇ, ಆದರೆ ಗದ್ದಲವಿಲ್ಲದೆ ಪ್ರಶ್ನೆ ಕೇಳುವವನಿಗೆ ಉತ್ತರ ಕೊಡಬೇಕೆಂದು ವಿಧಿಸುವ ಕಲಮು ಇಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೦೨ರ ಮೇ ೨ರಂದು ಕೊಟ್ಟ ತೀರ್ಪಿನಲ್ಲಿ, ಅಭ್ಯರ್ಥಿಯ ಅಪರಾಧ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ತಿಳಿಯುವುದು ಮತದಾರನ ಹಕ್ಕೆಂದಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ಸೇರಿಸಿದ ಕಲಮನ್ನು ೨೦೦೩ರ ಮಾರ್ಚ್ ೧೩ರ ತೀರ್ಪು ರದ್ದುಗೊಳಿಸಿತು. ಅಂದಿನಿಂದ ಪ್ರಮಾಣಪತ್ರ ಕಡ್ಡಾಯ. ಇದು ದೊಡ್ಡ ಹೆಜ್ಜೆ. ಆದರೂ ಪ್ರಮಾಣಪತ್ರವು ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳುವ ಮೂಕ ಕಾಗದ. ಶೂನ್ಯಸಂಪಾದನೆಯಲ್ಲಿ ಒಂದು ಉತ್ತರದ ಹೊಟ್ಟೆಯಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ; ಕಾಗದಕ್ಕೆ ಆ ಮುಂದಿನ ಪ್ರಶ್ನೆಯನ್ನು ಕೇಳಲಾಗದು.

ಮಿರ್ಜಾನ ಸೇರಿದ ಲೋಕಸಭಾ ಕ್ಷೇತ್ರದ ಇತಿಹಾಸದಲ್ಲಿ ನಿಯಮವಿಲ್ಲದೆಯೂ ಜನರ ಮುಂದೆ ಬಿಚ್ಚಿಕೊಂಡು ನಿಂತವರಿದ್ದಾರೆ. ೧೯೫೨, ೧೯೫೭, ೧೯೬೨ರಲ್ಲಿ ಜೋಕಿಮ್ ಆಳ್ವರು ಕಾಂಗ್ರೆಸ್ಸಿನಿಂದ ಆಯ್ಕೆಯಾಗಿದ್ದ ಈ ಕ್ಷೇತ್ರದಿಂದ ೧೯೬೭ರಲ್ಲಿ ಗೆದ್ದವರು ಚುಟುಕು ಕವಿ ದಿನಕರ ದೇಸಾಯಿ, ಪಕ್ಷೇತರರಾಗಿ. ಅಂಕೋಲೆಯ ಅಲಗೇರಿಯವರಾದ ಅವರು ಗೇಣಿದಾರ ರೈತರನ್ನು ಸಂಘಟಿಸಿ, ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡೀಪಾರಾಗಿದ್ದರು. ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ‘ಜನಸೇವಕ’ ವಾರಪತ್ರಿಕೆಯಲ್ಲಿ ತಮ್ಮ ಅಭಿಪ್ರಾಯಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ತಾನು ಏನು ಯೋಚಿಸುತ್ತೇನೆಂಬುದನ್ನು ಅಚ್ಚಿನಲ್ಲಿ ಇಟ್ಟಿರುವ ಅಭ್ಯರ್ಥಿ, ಒಂದರ್ಥದಲ್ಲಿ ಮೊದಲೇ ಪ್ರಶ್ನೆಗೆ ಒಳಗಾದವನು. ೧೯೮೯ರಲ್ಲಿ ಇದೇ ಕ್ಷೇತ್ರಕ್ಕೆ ಶಿವರಾಮ ಕಾರಂತರು, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನೂ ಪರಿಸರದ ನಾಶವನ್ನೂ ಮುಂದಿಟ್ಟು ನಿಂತರು. ಸೋತರು. ಅವರು ಎತ್ತಿದ ಪ್ರಶ್ನೆಗೆ ಉಳಿದ ಅಭ್ಯರ್ಥಿಗಳು ಒಂದೇ ವೇದಿಕೆಯಲ್ಲಿ ನಿಂತು ಉತ್ತರ ಹೇಳಲೇಬೇಕೆಂಬ ನಿಯಮವೊಂದಿದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೆಂದು ಹೇಳಲಾಗದು. ಆದರೆ ಸೋತ ಪ್ರಶ್ನೆಗೂ ಉತ್ತರವೊಂದು ದಾಖಲೆಯಲ್ಲಿ ಉಳಿಯುತ್ತಿತ್ತು.

ವಿಚಿತ್ರವೆಂದರೆ ಇಂಥ ನಿಯಮ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಅಭ್ಯರ್ಥಿಗೆ ಮಾತ್ರ ಅನ್ವಯಿಸುವುದಿಲ್ಲ. ಪರಿಸರದ ಮೇಲೆ ಪರಿಣಾಮ ಬೀರುವ ದೊಡ್ಡ ಯೋಜನೆಗಳಿಗೆ ೧೯೯೭ರಿಂದ ಸಾರ್ವಜನಿಕ ಅಹವಾಲು ಸಭೆಯನ್ನು ವಿಧಿಸಲಾಗಿದೆ. ೨೦೦೬ರ ಸೆಪ್ಟೆಂಬರ್ ೧೪ರ ಅಧಿಸೂಚನೆಯು ಅದರ ಕ್ರಮವನ್ನು ವಿವರವಾಗಿ ಹೇಳುತ್ತದೆ. ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಬಂದವರೆಲ್ಲರಿಗೂ ಯೋಜನೆಯವರಿಂದ ವಿವರಣೆ ಕೇಳುವ ಅವಕಾಶವಿರಬೇಕು. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ತಿಳಿಸಿ ಸಹಿ ಮಾಡಬೇಕು. ೨೦೨೫ರ ಸೆಪ್ಟೆಂಬರಿನಲ್ಲಿ ಶರಾವತಿ ಭೂಗತ ವಿದ್ಯುತ್ ಯೋಜನೆಯ ಬಗ್ಗೆ ಇಂಥ ಸಭೆ ನಡೆದುದು ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ಗೇರುಸೊಪ್ಪೆಯಲ್ಲಿಯೇ. ನದಿಯ ನೀರನ್ನು ಮೇಲೆತ್ತಬಯಸುವ ನಿಗಮವು ಜನರ ಮುಂದೆ ಕುಳಿತು ಕೇಳಬೇಕು. ಆ ನದಿಯ ಜನರೆಲ್ಲರ ಪರವಾಗಿ ಐದು ವರ್ಷ ಮಾತನಾಡುವ ಹಕ್ಕನ್ನು ಬಯಸುವವನು ಕುಳಿತುಕೊಳ್ಳಬೇಕಾಗಿಲ್ಲ.

ಗ್ರಾಮಸಭೆಯಿದೆಯಲ್ಲ ಎಂದು ಕೆಲವರು ಹೇಳಬಹುದು. ಗ್ರಾಮಸಭೆ ಗೆದ್ದವನನ್ನು ಕೇಳುವ ಸ್ಥಳ; ಗೆಲ್ಲುವ ಮೊದಲು ಕೇಳುವುದು ಇನ್ನೊಂದು. ಅಥೆನ್ಸಿನಲ್ಲಿ ಎರಡೂ ಇದ್ದವು. ಅಧಿಕಾರಾವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು ಪ್ರತ್ಯೇಕ ವಿಧಿಯಾಗಿತ್ತು. ಇನ್ನೊಂದು ಆಕ್ಷೇಪಣೆಗೆ ಹೆಚ್ಚಿನ ತೂಕವಿದೆ. ಮಾತುಬಲ್ಲವನು ಸಭೆಯನ್ನು ಗೆಲ್ಲುತ್ತಾನೆ, ಕೆಲಸಬಲ್ಲ ಮುಗ್ಧನು ತೊದಲುತ್ತಾನೆ ಎನ್ನುವುದು ಅದು. ೧೯೬೦ರಲ್ಲಿ ಅಮೆರಿಕದ ಕೆನಡಿ ಮತ್ತು ನಿಕ್ಸನ್‌ರ ದೂರದರ್ಶನ ವಾದಗಳಿಂದ ಈಚೆಗೆ ಅಲ್ಲಿ ಮುಖದ ಕಾಂತಿಯನ್ನೂ ಉತ್ತರವೆಂದೇ ಎಣಿಸಲಾಗುತ್ತಿದೆ. ಆದರೆ ಈ ದೋಷ ಅಭ್ಯರ್ಥಿಗಳು ಪರಸ್ಪರ ವಾದಿಸುವ ಪದ್ಧತಿಯದು. ಜನರು ಕೇಳಿ ಅಭ್ಯರ್ಥಿ ಉತ್ತರಿಸುವ ಪದ್ಧತಿಯಲ್ಲಿ ವಾಗ್ಮಿಯ ಅಲಂಕಾರಕ್ಕೆ ಎಡೆ ಕಡಿಮೆ. ನಮ್ಮ ಊರಿನ ಕಾಲುಸಂಕ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಉಪಮೆಗಳಿಂದ ಉತ್ತರಿಸಲಾಗದು. ಮಂಟಪದಲ್ಲಿ ಕಟ್ಟಿಗೆ ಮಾರುವವನೂ ಅಕ್ಕಿ ಆಯುವವನೂ ಮಾತನಾಡಿದರೆಂದು ನಂಬುವವರು, ಸಾಮಾನ್ಯನು ಸಭೆಯಲ್ಲಿ ತೊದಲುತ್ತಾನೆಂದು ವಾದಿಸುವುದು ಸೋಜಿಗವೇ ಸರಿ. ನಿಜವಾದ ಅಪಾಯವಿರುವುದು ಅಧ್ಯಕ್ಷಪೀಠದಲ್ಲಿ. ಪಕ್ಷದವನು ಅಧ್ಯಕ್ಷನಾದರೆ ಪ್ರಶ್ನೆಗಳು ಮೊದಲೇ ಬರೆದು ಬಂದಿರುತ್ತವೆ. ಮಠಗಳ ಪೀಠಾಧಿಪತಿಗಳನ್ನು ಕರೆಯೋಣವೆಂದರೆ, ಚುನಾವಣೆಯ ಕಾಲದಲ್ಲಿ ಮಠಗಳ ಬಾಗಿಲಲ್ಲಿ ನಿಲ್ಲುವ ವಾಹನಗಳನ್ನು ಕಂಡವರು ಒಪ್ಪಲಾರರು. ಒಪ್ಪದಿರುವುದು ಮಠಗಳ ಗೌರವಕ್ಕೂ ಕ್ಷೇಮ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ೨೦೨೪ರ ಡಿಸೆಂಬರಿನಲ್ಲಿ ಅನುಭವಮಂಟಪದ ಬೃಹತ್ ತೈಲಚಿತ್ರವನ್ನು ಅನಾವರಣಗೊಳಿಸಲಾಯಿತು. ಶಾಸಕರು ಅದರ ಮುಂದೆ ಹಾದು ಒಳಹೋಗುತ್ತಾರೆ. ಚಿತ್ರದೊಳಗಿನವರು ಆ ಮಂಟಪವನ್ನು ಹೊಗುವ ಮುನ್ನ ಬಾಗಿಲಲ್ಲಿಯೇ ಪ್ರಶ್ನೆಗೆ ಒಳಗಾದವರೆಂಬ ಕಥೆ ಚಿತ್ರದಲ್ಲಿ ಕಾಣುವಂತಿಲ್ಲ.

ಕಾಯಿದೆಯ ಪ್ರಕಾರ ನಾಮಪತ್ರ ಹಿಂದೆಗೆದುಕೊಳ್ಳುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ ಹದಿನಾಲ್ಕು ದಿನಗಳ ಅಂತರವಿದೆ. ಮತದಾನ ಮುಗಿಯುವ ಮುಂಚಿನ ನಲವತ್ತೆಂಟು ಗಂಟೆ ಪ್ರಚಾರವಿಲ್ಲ. ಉಳಿದವು ಹನ್ನೆರಡು ದಿನ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಖಾನಾಪುರ, ಕಿತ್ತೂರು, ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರವೆಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಅಹವಾಲು ಸಭೆಯ ನಿಯಮವನ್ನೇ ಅಳವಡಿಸಿಕೊಂಡು, ಅಭ್ಯರ್ಥಿಗಳೆಲ್ಲರನ್ನೂ ದಿನಕ್ಕೊಂದು ಕಡೆ ಕೂರಿಸಿ, ಚುನಾವಣಾಧಿಕಾರಿಯ ಅಧ್ಯಕ್ಷತೆಯಲ್ಲಿ ಚೀಟಿ ಎತ್ತಿ ಪ್ರಶ್ನೆಗಾರರನ್ನು ಕರೆದು, ಉತ್ತರಗಳನ್ನು ಕನ್ನಡದಲ್ಲಿ ಬರೆಸಿ ಪಂಚಾಯತಿಯ ಫಲಕಕ್ಕೆ ಅಂಟಿಸಿದರೆ ಎಂಟು ದಿನ ಸಾಕು. ಬಾರದವನನ್ನು ಅನರ್ಹಗೊಳಿಸಬೇಕಾಗಿಲ್ಲ, ಅವನ ಹೆಸರಿನ ಮುಂದೆ ಹಾಜರಿಲ್ಲವೆಂದು ಬರೆದು, ಕುರ್ಚಿಯನ್ನು ಖಾಲಿ ಇರಿಸಬಹುದು. ಕುಮಟೆಯ ಸರದಿ ಬಂದ ದಿನ ಮಿರ್ಜಾನದವರು ಬಸ್ಸು ಹತ್ತಿ ಹೋಗಿ ಬರಬಹುದಾದಷ್ಟೇ ದೂರ.